ಶ್ರೀರಂಗಪಟ್ಟಣದ ಹಳೆಯ ಕಟ್ಟಡಗಳ ನೀರುಹಾನಿ ಮತ್ತು ದುರಸ್ತಿ

ನೀರುಹಾನಿ ದುರಸ್ತಿ ಎಂದರೆ ಮಳೆ, ನೆರೆ, ಸೋರಿಕೆ ಅಥವಾ ನೆಲದ ತೇವದಿಂದ ಕೆಟ್ಟ ಕಟ್ಟಡವನ್ನು ಒಣಗಿಸಿ, ಶುಚಿಗೊಳಿಸಿ, ಅದರ ಮೂಲ ಸಾಮಗ್ರಿಗೆ ಹೊಂದುವ ವಸ್ತುಗಳಿಂದ ಮತ್ತೆ ಭದ್ರಪಡಿಸುವ ಕಾರ್ಯ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣವು ಕಾವೇರಿ ನದಿಯ ದ್ವೀಪದ ಮೇಲಿರುವ ಐತಿಹಾಸಿಕ ಪಟ್ಟಣವಾದುದರಿಂದ ಇಲ್ಲಿನ ಕೋಟೆ, ಅರಮನೆ, ದೇವಾಲಯ, ಮಸೀದಿ ಹಾಗೂ ಹಳೆಯ ವಾಸದ ಮನೆಗಳಿಗೆ ನೀರಿನ ಹಾನಿ ನಿರಂತರವಾದ ಪ್ರಶ್ನೆಯಾಗಿದೆ. ಇವುಗಳಲ್ಲಿ ಹೆಚ್ಚಿನವು ಸುಣ್ಣದ ಗಾರೆ, ಕಲ್ಲು, ಇಟ್ಟಿಗೆ, ಮಣ್ಣು ಮತ್ತು ಮರದಿಂದ ಕಟ್ಟಿದವು. ಸಿಮೆಂಟ್ ಕಟ್ಟಡಕ್ಕೆ ಒಪ್ಪುವ ದುರಸ್ತಿ ಕ್ರಮಗಳು ಇವುಗಳಿಗೆ ಒಪ್ಪುವುದಿಲ್ಲ. ಅನೇಕ ವೇಳೆ ನೀರು ಮಾಡಿದ ಹಾನಿಗಿಂತ ತಪ್ಪು ದುರಸ್ತಿ ಮಾಡಿದ ಹಾನಿಯೇ ದೊಡ್ಡದಾಗುತ್ತದೆ.

ಹಿನ್ನೆಲೆ

ಶ್ರೀರಂಗಪಟ್ಟಣದ ಪಶ್ಚಿಮದಲ್ಲಿ ಕಾವೇರಿಯು ಎರಡು ಕವಲಾಗಿ ಒಡೆದು, ಪೂರ್ವದ ಸಂಗಮದ ಬಳಿ ಮತ್ತೆ ಒಂದಾಗುತ್ತದೆ. ನಡುವಿನ ದ್ವೀಪದ ಪಶ್ಚಿಮ ತುದಿಯಲ್ಲಿ ಕೋಟೆಯೂ, ಅದರೊಳಗೆ ಶ್ರೀ ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ ಮತ್ತು ಹಳೆಯ ಬೀದಿಗಳೂ ಇವೆ. ಕೋಟೆಯ ಹೊರಗೆ ೧೭೮೪ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ದರಿಯಾ ದೌಲತ್ ಬೇಸಿಗೆ ಅರಮನೆ ಹಾಗೂ ದ್ವೀಪದ ಪೂರ್ವಭಾಗದಲ್ಲಿ ಗುಂಬಜ್ ಇವೆ. ೧೭೯೯ರ ಮೇ ೪ರಂದು ಕೋಟೆ ಬಿದ್ದ ನಂತರ ಮೈಸೂರು ಮತ್ತೆ ರಾಜಧಾನಿಯಾಯಿತು. ಶ್ರೀರಂಗಪಟ್ಟಣವು ಕ್ರಮೇಣ ಸಣ್ಣ ಊರಾಗಿ ಉಳಿದುದರಿಂದ ಹಳೆಯ ಕಟ್ಟಡಗಳು ಒಂದೆಡೆ ಉಳಿದುಕೊಂಡವು. ಇನ್ನೊಂದೆಡೆ ಅವುಗಳನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾದವು. ಶ್ರೀರಂಗಪಟ್ಟಣ ದ್ವೀಪಪಟ್ಟಣದ ಸ್ಮಾರಕಗಳನ್ನು ೨೦೧೪ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು.

ನದಿಯ ಮೇಲ್ಭಾಗದಲ್ಲಿರುವ ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿ ೧೯೧೧ರಲ್ಲಿ ಆರಂಭವಾಯಿತು. ಅಣೆಕಟ್ಟಿನ ಗರಿಷ್ಠ ಮಟ್ಟ ೧೨೪.೮೦ ಅಡಿ. ಕೊಡಗಿನಲ್ಲಿ ಭಾರಿ ಮಳೆಯಾಗಿ ಜಲಾಶಯ ತುಂಬಿದ ವರ್ಷಗಳಲ್ಲಿ ಹೆಚ್ಚುವರಿ ನೀರನ್ನು ನದಿಗೆ ಬಿಡುವುದು ಅನಿವಾರ್ಯ. ೨೦೧೯ ಮತ್ತು ೨೦೨೪ರ ಮಳೆಗಾಲಗಳಲ್ಲಿ ಒಂದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರನ್ನು ಬಿಡಲಾಗಿತ್ತು. ಇಂತಹ ಸಂದರ್ಭಗಳಲ್ಲಿ ನದೀತೀರದ ಸ್ನಾನಘಟ್ಟಗಳೂ ತಗ್ಗಿನ ಜಾಗಗಳೂ ಮುಳುಗುತ್ತವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ, ಕಲ್ಲಿನ ಕಂಬಗಳ ಮೇಲೆ ನಿರ್ಮಾಣವಾದ ವೆಲ್ಲೆಸ್ಲಿ ಸೇತುವೆ ಅನೇಕ ಪ್ರವಾಹಗಳನ್ನು ಎದುರಿಸಿದೆ.

ಆದರೆ ನೆರೆಯೊಂದೇ ಹಾನಿಗೆ ಕಾರಣವಲ್ಲ. ಸುತ್ತಲೂ ನದಿ, ನಾಲೆ, ಭತ್ತದ ಗದ್ದೆ ಮತ್ತು ಕಬ್ಬಿನ ತೋಟಗಳಿರುವ ಈ ಪ್ರದೇಶದಲ್ಲಿ ನೆಲದ ತೇವ ವರ್ಷವಿಡೀ ಇರುತ್ತದೆ. ನೆರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಗೋಡೆಯೊಳಗಿನ ತೇವ ದಶಕಗಳವರೆಗೆ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಕಟ್ಟಡ ಸಾಮಗ್ರಿಗಳು

ಹಳೆಯ ಮೈಸೂರು ಸೀಮೆಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಾಮಗ್ರಿಗಳು ಹೀಗಿವೆ:

* ಅಡಿಪಾಯ ಮತ್ತು ಜಗಲಿ: ಗ್ರಾನೈಟ್ ಕಲ್ಲು ಹಾಗೂ ಚಪ್ಪಡಿ. ಕಲ್ಲು ನೀರನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಕಲ್ಲುಗಳ ನಡುವಿನ ಮಣ್ಣು ಅಥವಾ ಗಾರೆ ಹೀರುತ್ತದೆ.
* ಗೋಡೆ: ತೆಳು ಇಟ್ಟಿಗೆ ಮತ್ತು ಸುಣ್ಣದ ಗಾರೆ, ಅಥವಾ ಮಣ್ಣಿನ ಗೋಡೆಗೆ ಸುಣ್ಣದ ಗಿಲಾವು. ದಪ್ಪ ಗೋಡೆಗಳಲ್ಲಿ ಹೊರಗೂ ಒಳಗೂ ಒಳ್ಳೆಯ ಕಟ್ಟಡವಿದ್ದು ನಡುವೆ ಕಲ್ಲುಚೂರು, ಮಣ್ಣು ತುಂಬಿರುವುದುಂಟು.
* ಚಾವಣಿ: ನಾಡಹೆಂಚು, ನಂತರದ ಕಾಲದಲ್ಲಿ ಮಂಗಳೂರು ಹೆಂಚು, ಸ್ಥಿತಿವಂತರ ಮನೆ ಹಾಗೂ ಸರ್ಕಾರಿ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ. ಮರದ ತೊಲೆ, ಜಂತೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಿಂದ ಕೂಡಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರವನ್ನು ಬಡಿದು ಗಟ್ಟಿಮಾಡಿದ ರಚನೆಗೆ ಈ ಹೆಸರು.
* ಮರ: ಕಂಬ, ಬೋದಿಗೆ, ತೊಲೆ, ಬಾಗಿಲುವಾಡಗಳಿಗೆ ತೇಗ ಮುಂತಾದ ಗಟ್ಟಿ ಮರಗಳು. ದರಿಯಾ ದೌಲತ್ ಅರಮನೆಯ ಹೆಚ್ಚಿನ ಭಾಗ ತೇಗದ ಮರದ್ದು.

ಈ ಸಾಮಗ್ರಿಗಳಿಗೆ ಸಮಾನವಾದ ಒಂದು ಗುಣವಿದೆ. ಇವು ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಸ್ವಲ್ಪ ನೀರನ್ನು ಒಳಗೆ ಬಿಟ್ಟುಕೊಂಡು, ಬಿಸಿಲು ಗಾಳಿ ಬಂದಾಗ ಅದನ್ನು ಹೊರಗೆ ಬಿಡುತ್ತವೆ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುವ ಈ ಲಯವೇ ಹಳೆಯ ಗೋಡೆಯ ಆರೋಗ್ಯ. ಈ ಲಯ ತಪ್ಪಿದಾಗ ಹಾನಿ ಆರಂಭವಾಗುತ್ತದೆ.

ನೀರು ಸೇರುವ ಬಗೆಗಳು

ಮೇಲಿನಿಂದ: ಒಡೆದ ಅಥವಾ ಸರಿದ ಹೆಂಚು, ಮಂಗಗಳ ಓಡಾಟ, ತಾರಸಿಯ ಬಿರುಕು, ಕಸ ತುಂಬಿದ ನೀರುಕೊಳವೆ ಇವು ಸಾಮಾನ್ಯ ಕಾರಣಗಳು. ತೊಟ್ಟಿಮನೆಗಳಲ್ಲಿ ಎರಡು ಇಳಿಜಾರು ಮಾಡುಗಳು ಕೂಡುವ ಮೂಲೆಯ ತಗಡಿನ ದೋಣಿ ತುಕ್ಕು ಹಿಡಿದರೆ, ಅದರ ಕೆಳಗಿರುವ ತೊಲೆಯ ತುದಿಯೇ ಮೊದಲು ಕೊಳೆಯುತ್ತದೆ. ಗೋಪುರ, ಕೋಟೆಗೋಡೆ ಮತ್ತು ತಾರಸಿಗಳ ಬಿರುಕಿನಲ್ಲಿ ಹಕ್ಕಿಗಳು ಬಿತ್ತಿದ ಅರಳಿ, ಆಲದ ಸಸಿಗಳು ಬೇರುಬಿಟ್ಟು ನೀರಿಗೆ ದಾರಿಮಾಡುತ್ತವೆ.

ಪಕ್ಕದಿಂದ: ಗಾಳಿಯೊಡನೆ ಬೀಸುವ ಮಳೆ ಹಾಗೂ ನೆಲಕ್ಕೆ ಬಿದ್ದು ಸಿಡಿಯುವ ಸೂರಿನ ನೀರು ಗೋಡೆಯನ್ನು ನೆನೆಸುತ್ತವೆ.

ಕೆಳಗಿನಿಂದ: ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆದುಕೊಳ್ಳುವಂತೆ ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲೆಳೆಯುತ್ತವೆ. ಇದಕ್ಕೆ ಏರುತೇವ ಎನ್ನಬಹುದು. ಇದು ಸಾಮಾನ್ಯವಾಗಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಏರುತ್ತದೆ. ಹಳೆಯ ಪಟ್ಟಣಗಳಲ್ಲಿ ಇದನ್ನು ಹೆಚ್ಚಿಸುವ ಸಂಗತಿಯೊಂದಿದೆ. ರಸ್ತೆಗೆ ಪದೇಪದೇ ಡಾಂಬರು ಅಥವಾ ಕಾಂಕ್ರೀಟ್ ಪದರ ಹಾಕುವುದರಿಂದ ರಸ್ತೆಯ ಮಟ್ಟ ಏರುತ್ತ ಹೋಗಿ, ಒಂದು ಕಾಲಕ್ಕೆ ಮೂರು ನಾಲ್ಕು ಮೆಟ್ಟಿಲು ಎತ್ತರದಲ್ಲಿದ್ದ ಜಗಲಿ ರಸ್ತೆಗೆ ಸಮನಾಗುತ್ತದೆ. ಆಗ ಬೀದಿಯ ನೀರು ಮನೆಯ ಹೊಸ್ತಿಲಿಗೇ ಬರುತ್ತದೆ.

ನೆರೆಯಿಂದ: ನೆರೆನೀರು ಗೋಡೆಯನ್ನು ಒಮ್ಮೆಗೇ ಆಳವಾಗಿ ನೆನೆಸುವುದಲ್ಲದೆ ಅಡಿಪಾಯದ ಮಣ್ಣನ್ನು ಕೊರೆಯುತ್ತದೆ, ಕೆಸರು, ಚರಂಡಿಯ ಕೊಳೆ ಮತ್ತು ಲವಣಗಳನ್ನು ಒಳಗೆ ತರುತ್ತದೆ.

ಹಾನಿಯ ಲಕ್ಷಣಗಳು

ಗೋಡೆಯ ಬುಡದಲ್ಲಿ ಕಪ್ಪು ಅಥವಾ ಹಸಿರು ಕಲೆ, ಸುಣ್ಣ ಉದುರುವುದು, ಮುಟ್ಟಿದರೆ ಗಿಲಾವು ಪುಡಿಯಾಗುವುದು, ತಟ್ಟಿದರೆ ಟೊಳ್ಳು ಸದ್ದು, ಬೂಷ್ಟಿನ ವಾಸನೆ, ಮರದ ಮೇಲೆ ಗೆದ್ದಲಿನ ಮಣ್ಣುದಾರಿ ಇವು ಸಾಮಾನ್ಯ ಲಕ್ಷಣಗಳು. ಗೋಡೆ ಹೊಟ್ಟೆಬಿಟ್ಟಿರುವುದು, ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಓರೆಯಾದ ಹೊಸ ಬಿರುಕುಗಳು ಕಾಣಿಸುವುದು ರಚನೆಯೇ ಕದಲಿರುವುದರ ಸೂಚನೆ. ಇಂತಹ ಮನೆಯೊಳಗೆ ತಜ್ಞರ ಪರಿಶೀಲನೆಯ ಮೊದಲು ಪ್ರವೇಶಿಸಬಾರದು.

ಗೋಡೆಯ ಮೇಲೆ ಕಾಣುವ ಬಿಳಿ ಪುಡಿ ನೀರಿನಲ್ಲಿ ಕರಗಿ ಬಂದ ಸಲ್ಫೇಟ್, ನೈಟ್ರೇಟ್, ಕ್ಲೋರೈಡ್ ಲವಣಗಳದು. ನೀರು ಗೋಡೆಯ ಮೇಲ್ಮೈಯಲ್ಲಿ ಆವಿಯಾದರೆ ಲವಣ ಹೊರಗೇ ಹರಳುಗಟ್ಟುತ್ತದೆ. ಇದನ್ನು ಗುಡಿಸಿ ತೆಗೆಯಬಹುದು. ಮೇಲ್ಮೈಯನ್ನು ಮುಚ್ಚಿಬಿಟ್ಟರೆ ಲವಣ ಇಟ್ಟಿಗೆಯ ರಂಧ್ರದೊಳಗೇ ಹರಳುಗಟ್ಟಿ ಹಿಗ್ಗಿ, ಇಟ್ಟಿಗೆಯನ್ನು ಒಳಗಿನಿಂದ ಸಿಡಿಸುತ್ತದೆ. ಕಣ್ಣಿಗೆ ಅಸಹ್ಯವಾಗಿ ಕಾಣುವ ಬಿಳಿ ಪುಡಿಗಿಂತ ಕಣ್ಣಿಗೆ ಕಾಣದ ಈ ಹರಳುಗಳೇ ಹೆಚ್ಚು ಅಪಾಯಕಾರಿ.

ಸಿಮೆಂಟ್ ದುರಸ್ತಿಯ ತೊಂದರೆಗಳು

ತೇವದ ಕಲೆ ಕಂಡಕೂಡಲೆ ಹಳೆಯ ಗಿಲಾವನ್ನು ಕೆತ್ತಿ ಸಿಮೆಂಟ್ ಬಳಿಯುವುದು, ಅಥವಾ ನೀರು ಬಿಡದ ಬಣ್ಣ ಹಚ್ಚುವುದು ಇಂದಿನ ರೂಢಿ. ಮೊದಲ ವರ್ಷ ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ನೆಲದ ನೀರು ಏರುವುದು ನಿಂತಿರುವುದಿಲ್ಲ. ಹೊರಬರಲು ದಾರಿಯಿಲ್ಲದೆ ಅದು ಸಿಮೆಂಟ್ ಪಟ್ಟಿಗಿಂತ ಮೇಲಕ್ಕೆ ಏರುತ್ತದೆ, ಇಲ್ಲವೆ ಒಳಗಿನ ಇಟ್ಟಿಗೆ ಮತ್ತು ಮಣ್ಣನ್ನು ಮೆತ್ತಗಾಗಿಸುತ್ತದೆ. ಕೆಲವು ವರ್ಷಗಳ ನಂತರ ಕಲೆ ಮೊದಲಿಗಿಂತ ಎತ್ತರದಲ್ಲಿ ಕಾಣಿಸಿಕೊಳ್ಳುವುದು ಇದರ ಗುರುತು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದಾಗ ಗೋಡೆ ಒಳಗೊಳಗೇ ನೆನೆದು, ಹೊರಗೆ ಗಟ್ಟಿ ಕವಚವಷ್ಟೇ ಉಳಿದು, ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯುವ ಸಂಭವವಿದೆ. ಮಳೆಗಾಲದಲ್ಲಿ ಹಳೆಯ ಮಣ್ಣಿನ ಗೋಡೆಗಳು ರಾತ್ರಿ ಹೊತ್ತು ಮಲಗಿದವರ ಮೇಲೆ ಬೀಳುವ ಸುದ್ದಿಗಳು ಕರ್ನಾಟಕದಲ್ಲಿ ಅಪರೂಪವಲ್ಲ. ಆದ್ದರಿಂದ ಇದು ಅಂದಚಂದದ ವಿಷಯ ಮಾತ್ರವಲ್ಲ, ಜೀವರಕ್ಷಣೆಯ ವಿಷಯವೂ ಹೌದು.

ಸಿಮೆಂಟ್ ಹಳೆಯ ಇಟ್ಟಿಗೆಗಿಂತ ಬಹಳ ಗಡಸು. ಬಿಸಿಲು ನೆರಳಿಗೆ ಎರಡೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಸುಣ್ಣದ ಗಾರೆಯಾದರೆ ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತದೆ. ಸಿಮೆಂಟ್ ಗಾರೆ ತಾನು ಉಳಿದು ಇಟ್ಟಿಗೆಯನ್ನು ಒಡೆಯುತ್ತದೆ. ಗಾರೆಯನ್ನು ಹತ್ತಿಪ್ಪತ್ತು ವರ್ಷಗಳಿಗೊಮ್ಮೆ ಹೊಸದಾಗಿ ತುಂಬಬಹುದು. ಒಡೆದ ಹಳೆಯ ಇಟ್ಟಿಗೆ ಮರಳಿ ಬಾರದು.

ದುರಸ್ತಿಯ ಕ್ರಮ

ಮೊದಲ ದಿನಗಳು

ನೆರೆ ಇಳಿದ ಮೇಲೆ ಮೊದಲು ವಿದ್ಯುತ್ ಸಂಪರ್ಕ ಕಡಿತಗೊಂಡಿರುವುದನ್ನು ಖಚಿತಪಡಿಸಿಕೊಳ್ಳಬೇಕು. ವಾಲಿದ ಗೋಡೆ, ಜೋತುಬಿದ್ದ ತೊಲೆಗಳಿಗೆ ಸರ್ವೆ ಮರದ ಆಸರೆ ಕಂಬಗಳನ್ನು ಕೊಡಬೇಕು. ನೆಲಮಾಳಿಗೆ ಅಥವಾ ಹಳೆಯ ಹಗೇವುಗಳಲ್ಲಿ ನಿಂತ ನೀರನ್ನು ಪಂಪಿನಿಂದ ಒಮ್ಮೆಗೇ ಖಾಲಿ ಮಾಡಬಾರದು. ಹೊರಗಿನ ಮಣ್ಣು ನೀರಿನಿಂದ ತುಂಬಿರುವಾಗ ಒಳಗಿನ ನೀರನ್ನು ತೆಗೆದರೆ, ಹೊರಗಿನ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ದಿನಕ್ಕಿಷ್ಟು ಎಂದು ನಿಧಾನವಾಗಿ ಇಳಿಸುವುದು ಕ್ಷೇಮ.

ಕೆಸರನ್ನು ಒಣಗುವ ಮೊದಲೇ ಶುದ್ಧ ನೀರಿನಿಂದ ಮೆಲ್ಲಗೆ ತೊಳೆಯಬೇಕು. ರಭಸದ ನೀರು ಸುಣ್ಣದ ಗಾರೆಯನ್ನೂ ಮಣ್ಣನ್ನೂ ಕಿತ್ತುಹಾಕುತ್ತದೆ. ಒದ್ದೆಯಾದ ವಸ್ತುಗಳಲ್ಲಿ ೨೪ರಿಂದ ೪೮ ಗಂಟೆಗಳೊಳಗೆ ಬೂಷ್ಟು ಬೆಳೆಯತೊಡಗುವುದರಿಂದ ಹಾಸಿಗೆ, ಚಾಪೆ, ಕಾಗದಪತ್ರಗಳನ್ನು ಬೇಗನೆ ಹೊರಕ್ಕೆ ಸಾಗಿಸಿ ನೆರಳಿನಲ್ಲಿ ಗಾಳಿಗೆ ಹರಡಬೇಕು. ಏನನ್ನೂ ಎಸೆಯುವ ಮೊದಲು ಛಾಯಾಚಿತ್ರ ತೆಗೆದಿಡುವುದು ಪರಿಹಾರದ ಅರ್ಜಿಗೂ ಮುಂದಿನ ದುರಸ್ತಿಗೂ ನೆರವಾಗುತ್ತದೆ. ಉದುರಿದ ಕೆತ್ತನೆಯ ತುಂಡು, ಹಳೆಯ ಹೆಂಚು, ಇಟ್ಟಿಗೆಗಳನ್ನು ಕಸವೆಂದು ಹೊರಹಾಕದೆ ಒಂದೆಡೆ ಕೂಡಿಡಬೇಕು.

ಒಣಗಿಸುವಿಕೆ

ಹಳೆಯ ಕಟ್ಟಡದ ದುರಸ್ತಿಯಲ್ಲಿ ಅತಿ ಮುಖ್ಯವಾದುದೂ ಅತಿ ಹೆಚ್ಚು ತಾಳ್ಮೆ ಬೇಡುವುದೂ ಈ ಹಂತ. ಗೋಡೆ ಒಣಗಲು ಪ್ರತಿ ೨೫ ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ರೂಢಿಯಲ್ಲಿರುವ ಅಂದಾಜು. ಒಂದೂವರೆ ಅಡಿ ದಪ್ಪದ ಗೋಡೆ ಎರಡೂ ಕಡೆಗಳಿಂದ ಒಣಗಿದರೂ ಒಂದು ಬೇಸಿಗೆಯಲ್ಲಿ ಪೂರ್ತಿ ಒಣಗದಿರಬಹುದು. ಬಾಗಿಲು ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡುವುದು, ಗೋಡೆಗೆ ಒರಗಿದ ಬೀರು, ಚಿತ್ರಪಟಗಳನ್ನು ಸರಿಸುವುದು, ಹಿಂದೆ ಬಳಿದ ಸಿಮೆಂಟ್ ಅಥವಾ ಎಣ್ಣೆಬಣ್ಣವನ್ನು ಎಚ್ಚರಿಕೆಯಿಂದ ತೆಗೆಯುವುದು ಇದಕ್ಕೆ ಸಹಾಯಕ. ಒಲೆ ಅಥವಾ ವಿದ್ಯುತ್ ಹೀಟರಿನಿಂದ ಬೇಗ ಒಣಗಿಸಲು ಹೋದರೆ ಮರ ಸೊಟ್ಟಗಾಗುತ್ತದೆ, ಗಿಲಾವು ಬಿರಿಯುತ್ತದೆ, ಲವಣಗಳು ಒಮ್ಮೆಗೇ ಹರಳುಗಟ್ಟುತ್ತವೆ. ಗೋಡೆ ಒಣಗುವ ಮುನ್ನ ಹೊಸ ಗಿಲಾವು ಬಳಿಯುವುದು ಹಣವನ್ನು ನೀರಿಗೆ ಹಾಕಿದಂತೆ.

ಲವಣ ತೆಗೆಯುವುದು

ಒಣಗುವಾಗ ಹೊರಬರುವ ಬಿಳಿ ಪುಡಿಯನ್ನು ಮೆತ್ತನೆಯ ಕುಂಚದಿಂದ ಗುಡಿಸಿ ತೆಗೆದುಹಾಕಬೇಕು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಯನ್ನೇ ಸೇರುತ್ತದೆ. ಲವಣ ಆಳದಲ್ಲಿದ್ದರೆ ಶುದ್ಧ ನೀರಿನಲ್ಲಿ ನೆನೆಸಿದ ಕಾಗದದ ತಿರುಳು ಅಥವಾ ಜೇಡಿಯ ಲೇಪವನ್ನು ಹಚ್ಚಿ, ಅದು ಒಣಗುವಾಗ ಲವಣವನ್ನು ಹೀರಿಕೊಂಡ ಮೇಲೆ ತೆಗೆಯುವ ವಿಧಾನವಿದೆ. ಇದನ್ನು ಹಲವು ಬಾರಿ ಮಾಡಬೇಕಾಗುತ್ತದೆ. ಸಾದಾ ಗೋಡೆಗಳಲ್ಲಿ ತೆಳುವಾದ ಸುಣ್ಣದ ಗಿಲಾವನ್ನು ಬಳಿದು, ಅದು ಲವಣದಿಂದ ಕೆಟ್ಟ ಮೇಲೆ ಕೆತ್ತಿ ಹೊಸದನ್ನು ಬಳಿಯುವುದೂ ಉಂಟು.

ಸುಣ್ಣದ ಗಾರೆ

ಸುಟ್ಟ ಸುಣ್ಣಕಲ್ಲನ್ನು ನೀರಿನಲ್ಲಿ ಅರಳಿಸಿ, ಬೆಣ್ಣೆಯಂತಾಗುವವರೆಗೆ ವಾರಗಟ್ಟಲೆ ನೀರಿನಡಿಯಲ್ಲಿ ಇಡಲಾಗುತ್ತದೆ. ಹೆಚ್ಚು ಕಾಲ ನೆನೆದಷ್ಟೂ ಅದು ಒಳ್ಳೆಯದು. ಸಾಮಾನ್ಯವಾಗಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸುತ್ತಾರೆ. ತೇವದ ಜಾಗಗಳಲ್ಲಿ ಮರಳಿನ ಒಂದು ಭಾಗಕ್ಕೆ ಬದಲಾಗಿ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿಯನ್ನು ಬಳಸಿದರೆ ಗಾರೆ ನೀರಿನ ಸಂಪರ್ಕದಲ್ಲೂ ಗಟ್ಟಿಯಾಗುತ್ತದೆ. ಹಿಂದೆ ಎತ್ತುಗಳು ಎಳೆಯುತ್ತಿದ್ದ ಗಾರೆ ಗಾಣದಲ್ಲಿ ಇದನ್ನು ಅರೆಯುತ್ತಿದ್ದರು. ದಕ್ಷಿಣ ಭಾರತದಲ್ಲಿ ಬೆಲ್ಲದ ನೀರು ಮತ್ತು ಅಳಲೆಕಾಯಿ ಕಷಾಯವನ್ನು ಬೆರೆಸುವ ಪದ್ಧತಿ ವ್ಯಾಪಕವಾಗಿತ್ತು.

ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಿನ ಗುಣಕ್ಕೆ ತಿರುಗುತ್ತದೆ. ಇದು ನಿಧಾನದ ಕ್ರಿಯೆ. ಆದ್ದರಿಂದ ಗಿಲಾವನ್ನು ತೆಳು ಪದರಗಳಲ್ಲಿ ಬಳಿದು, ನೆರಳು ಮಾಡಿ, ಒದ್ದೆ ಗೋಣಿಚೀಲಗಳಿಂದ ತೇವ ಕಾಯ್ದುಕೊಳ್ಳಬೇಕು. ಕೊನೆಗೆ ಹಚ್ಚುವುದು ಸುಣ್ಣವೇ ಆಗಿರಬೇಕು. ಪ್ಲಾಸ್ಟಿಕ್ ಅಂಶವಿರುವ ಬಣ್ಣ ಹಚ್ಚಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಚಾವಣಿ ಮತ್ತು ಮರ

ಗೋಡೆಗಿಂತ ಮೊದಲು ಚಾವಣಿಯನ್ನು ಸರಿಪಡಿಸಬೇಕೆಂಬುದು ಸಾಮಾನ್ಯ ನಿಯಮ. ತಾರಸಿಯ ಬಿರುಕುಗಳಿಂದ ಗಿಡದ ಬೇರು ತೆಗೆದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಗಾರೆ ತುಂಬಲಾಗುತ್ತದೆ. ಸೋರುವ ತಾರಸಿಯ ಮೇಲೆ ಸಿಮೆಂಟ್ ಕಾಂಕ್ರೀಟ್ ಪದರ ಹಾಕಿದರೆ ಹಳೆಯ ತೊಲೆಗಳಿಗೆ ಅತಿಭಾರವಾಗುತ್ತದೆ.

ಮರದ ತೇವಾಂಶ ಶೇಕಡ ೨೦ಕ್ಕಿಂತ ಹೆಚ್ಚಾಗಿ ಉಳಿದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯುತ್ತವೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಚೂಪಾದ ದಬ್ಬಳದಿಂದ ಚುಚ್ಚಿ ನೋಡಿದರೆ ಕೊಳೆತ ಭಾಗ ಗೊತ್ತಾಗುತ್ತದೆ. ತುದಿ ಮಾತ್ರ ಕೆಟ್ಟಿದ್ದರೆ ಇಡೀ ತೊಲೆಯನ್ನು ಬದಲಿಸುವ ಅಗತ್ಯವಿಲ್ಲ. ಕೆಟ್ಟಷ್ಟನ್ನು ಕತ್ತರಿಸಿ ಅದೇ ಜಾತಿಯ ಹಣ್ಣಾದ ಮರವನ್ನು ಬೆಸೆಯುವುದು ನುರಿತ ಬಡಗಿಗಳಿಗೆ ತಿಳಿದ ಕೆಲಸ. ಮತ್ತೆ ಕೂರಿಸುವಾಗ ತುದಿಯ ಸುತ್ತ ಸ್ವಲ್ಪ ಗಾಳಿಯಾಡುವ ಜಾಗ ಬಿಡಬೇಕು.

ದರಿಯಾ ದೌಲತ್‌ನ ಭಿತ್ತಿಚಿತ್ರಗಳು

ಬಣ್ಣದ ಚಿತ್ರಗಳಿರುವ ಗೋಡೆಗಳ ವಿಷಯದಲ್ಲಿ ಮೇಲಿನ ಕ್ರಮಗಳು ಸಾಲವು. ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಹೈದರಾಲಿ ಮತ್ತು ಟಿಪ್ಪುವಿನ ಮೆರವಣಿಗೆಗಳೂ ೧೭೮೦ರ ಪೊಲ್ಲಿಲೂರು ಕದನದ ದೃಶ್ಯವೂ ಇವೆ. ಈ ಚಿತ್ರಗಳು ಕಾಲಾನಂತರದಲ್ಲಿ ಅಳಿಸಿಹೋಗಿ ಮತ್ತೆ ಬರೆಸಲ್ಪಟ್ಟವು. ೧೮೫೫ರಲ್ಲಿ ಲಾರ್ಡ್ ಡಾಲ್‌ಹೌಸಿಯ ಆದೇಶದಂತೆ ಅವುಗಳ ಪುನರುದ್ಧಾರ ನಡೆಯಿತು. ಹೀಗಾಗಿ ಒಂದೇ ಗೋಡೆಯ ಮೇಲೆ ಬೇರೆಬೇರೆ ಕಾಲದ ಬಣ್ಣಗಳಿದ್ದು, ನೀರಿಗೆ ಅವು ಒಂದೇ ರೀತಿ ಪ್ರತಿಕ್ರಿಯಿಸಬೇಕೆಂದಿಲ್ಲ.

ಎತ್ತರದ ಜಗಲಿ, ಅಗಲವಾದ ಸೂರು ಮತ್ತು ಸುತ್ತಲಿನ ಮೊಗಸಾಲೆ ಈ ಕಟ್ಟಡಕ್ಕೆ ಮೂಲದಲ್ಲಿಯೇ ಒದಗಿಸಿದ ರಕ್ಷಣೆಗಳು. ಬಿಸಿಲು ಮತ್ತು ಎರಚಲನ್ನು ತಡೆಯಲು ಹೊರಗೆ ತೆರೆಗಳನ್ನು ಇಳಿಬಿಡಲಾಗಿದೆ. ಚಿತ್ರವಿರುವ ಗೋಡೆ ಒದ್ದೆಯಾದರೆ ಅದನ್ನು ಒರೆಸುವುದಾಗಲಿ, ಉಜ್ಜುವುದಾಗಲಿ, ಬಿಸಿಗಾಳಿ ಹಾಯಿಸುವುದಾಗಲಿ ಸಲ್ಲದು. ನೀರಿನ ಮೂಲವನ್ನು ತಡೆದು, ಚಿತ್ರಸಂರಕ್ಷಕರು ಬರುವವರೆಗೆ ಹಾಗೆಯೇ ಬಿಡುವುದು ಉತ್ತಮ.

ಕಾನೂನು

೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದಿಂದ ರಕ್ಷಿತವಾದ ಸ್ಮಾರಕದ ಗಡಿಯಿಂದ ೧೦೦ ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ ೨೦೦ ಮೀಟರ್ ನಿಯಂತ್ರಿತ ಪ್ರದೇಶ. ಚಿಕ್ಕ ದ್ವೀಪದಲ್ಲಿ ಹಲವು ರಕ್ಷಿತ ಸ್ಮಾರಕಗಳಿರುವುದರಿಂದ ಅನೇಕ ಮನೆಗಳು ಈ ವ್ಯಾಪ್ತಿಗೆ ಬರುತ್ತವೆ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಆದರೆ ೧೯೯೨ರ ಜೂನ್ ೧೬ಕ್ಕೆ ಮೊದಲು ಅಸ್ತಿತ್ವದಲ್ಲಿದ್ದ ಕಟ್ಟಡಗಳ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬಹುದು. ಈ ವ್ಯತ್ಯಾಸವನ್ನು ತಿಳಿಯದೆ, ದುರಸ್ತಿಯೇ ನಿಷಿದ್ಧವೆಂದು ಭಾವಿಸಿ ಸೋರುವ ಮನೆಯನ್ನು ಹಾಗೆಯೇ ಬಿಟ್ಟರೆ ಕೊನೆಗೆ ಮನೆಯೂ ಉಳಿಯದು, ಆ ಜಾಗದಲ್ಲಿ ಹೊಸದನ್ನು ಕಟ್ಟುವುದೂ ಸಾಧ್ಯವಾಗದು. ಅರ್ಜಿಯನ್ನು ಮಳೆಗಾಲಕ್ಕೆ ಸಾಕಷ್ಟು ಮೊದಲೇ ಸಲ್ಲಿಸುವುದು ಅನುಕೂಲಕರ.

ಹಳೆಯ ಗಾರೆ ಕಟ್ಟಡಗಳು ದುರ್ಬಲವೆಂಬ ಭಾವನೆಗೆ ಈ ಪಟ್ಟಣದಲ್ಲೇ ಒಂದು ಉತ್ತರವಿದೆ. ಬೆಂಗಳೂರು–ಮೈಸೂರು ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನಮನೆಯನ್ನು ೨೦೧೭ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಲಾಯಿತು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಆ ಕಟ್ಟಡ ಈ ಸ್ಥಳಾಂತರವನ್ನು ತಾಳಿಕೊಂಡಿತು.

ಮುನ್ನೆಚ್ಚರಿಕೆಗಳು

* ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು. ದೋಣಿ, ನೀರುಕೊಳವೆಗಳ ಕಸ ತೆಗೆಯುವುದು. ಮಂಡ್ಯ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚು ಮಳೆಯಾಗುವುದರಿಂದ ಆಗಸ್ಟ್ ಕೊನೆಯಲ್ಲಿ ಇನ್ನೊಮ್ಮೆ ಪರಿಶೀಲಿಸುವುದು.
* ಗೋಡೆಯ ಸುತ್ತಲಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರುವಂತೆ ನೋಡಿಕೊಳ್ಳುವುದು. ಗೋಡೆಗೆ ತಾಗಿದಂತೆ ಸಿಮೆಂಟ್ ಹಾಸನ್ನಾಗಲಿ, ಹೂಪಾತಿಯನ್ನಾಗಲಿ ಮಾಡದಿರುವುದು.
* ರಸ್ತೆಗೆ ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆತ್ತಿ ತೆಗೆಯುವಂತೆ ಸ್ಥಳೀಯ ಸಂಸ್ಥೆಯನ್ನು ಕೋರುವುದು.
* ಅರಳಿ, ಆಲದ ಸಸಿಗಳನ್ನು ಬೆರಳಿನಷ್ಟು ದಪ್ಪವಾಗುವ ಮೊದಲೇ ಕೀಳುವುದು.
* ವಿದ್ಯುತ್ ಫಲಕ, ದಾಖಲೆಪತ್ರಗಳನ್ನು ಹಿಂದಿನ ನೆರೆಯ ಗುರುತಿಗಿಂತ ಎತ್ತರದಲ್ಲಿ ಇಡುವುದು.
* ಪ್ರತಿ ವರ್ಷ ಒಂದೇ ಸ್ಥಳದಿಂದ ಗೋಡೆಗಳ ಛಾಯಾಚಿತ್ರ ತೆಗೆದು ತೇವದ ಎತ್ತರವನ್ನು ಹೋಲಿಸುವುದು.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಸುಣ್ಣದ ಗಾರೆಯ ಕೆಲಸ ಬಲ್ಲವರು ವಿರಳವಾಗುತ್ತಿರುವುದು ಮಾತ್ರ ದೊಡ್ಡ ಕೊರತೆ. ಸುಣ್ಣ ಅರಳಿಸುವುದರಿಂದ ಹಿಡಿದು ತಾರಸಿ ಬಡಿಯುವವರೆಗಿನ ತಿಳಿವಳಿಕೆ ಬಹುಮಟ್ಟಿಗೆ ಕೈಯಿಂದ ಕೈಗೆ ಬಂದದ್ದು. ಕೆಲಸವಿಲ್ಲದಿದ್ದರೆ ಅದು ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಆದ್ದರಿಂದ ಸ್ಮಾರಕಗಳ ಜೊತೆಗೆ ಸಾಮಾನ್ಯ ಮನೆಗಳನ್ನೂ ಸುಣ್ಣದಿಂದಲೇ ದುರಸ್ತಿ ಮಾಡಿಸುವುದು ಆ ಕಸುಬನ್ನು ಉಳಿಸುವ ದಾರಿಯೂ ಆಗಿದೆ.

ಇವನ್ನೂ ನೋಡಿ

* ಶ್ರೀರಂಗಪಟ್ಟಣ
* ದರಿಯಾ ದೌಲತ್
* ಕೃಷ್ಣರಾಜಸಾಗರ
* ತೊಟ್ಟಿಮನೆ
* ಸುಣ್ಣ